ಅರ್ಧ ವೋಲ್ಟ್ ಹುಡುಕಿ ಹೊರಟ ರಾಕೆಟ್

ಪೀಣ್ಯದ ಲೇತ್ ಸದ್ದು, ಲಾರಿಗಳ ಸಾಲಿನ ನಡುವೆಯೇ ಇಸ್ರೋದ ಇಸ್ಟ್ರಾಕ್ ಇದೆ. ನಮ್ಮ ಉಪಗ್ರಹಗಳ ದಾರಿ ಕಾಯುವುದು ಅದರ ಕೆಲಸ. ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳಲ್ಲಿ ಹೆಚ್ಚಿನವು ದಿನಕ್ಕೆ ಹದಿನಾಲ್ಕರಷ್ಟು ಸಲ ಧ್ರುವಗಳ ಹತ್ತಿರದಿಂದ ಹಾಯುತ್ತವೆ. ಸೂರ್ಯ ಕೆರಳಿದಾಗ ಧ್ರುವದ ಮೇಲಣ ತೆಳುಗಾಳಿ ಕಾದು ಉಬ್ಬುತ್ತದೆ, ಉಪಗ್ರಹದ ಓಟಕ್ಕೆ ಅಡ್ಡ ಬರುತ್ತದೆ, ಕಕ್ಷೆ ಇಳಿಯುತ್ತದೆ. ಧ್ರುವದ ಬಾನು ಪೀಣ್ಯಕ್ಕೆ ದೂರದ್ದಲ್ಲ.

ಮೇಲಣ ಬಾನಿನೊಡನೆ ಈ ಊರಿನ ನಂಟು ಹಳೆಯದು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ತಂಡ 360 ಕೆ.ಜಿ. ತೂಕದ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದು ಇದೇ ಪೀಣ್ಯದ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಹೊತ್ತೊಯ್ದ ಮೂರು ಪ್ರಯೋಗಗಳಲ್ಲಿ ಒಂದು ಮೇಲಣ ವಾಯುಮಂಡಲದ್ದು. ಐದನೇ ದಿನಕ್ಕೆ ವಿದ್ಯುತ್ ಪೂರೈಕೆ ಕೈಕೊಟ್ಟು ಪ್ರಯೋಗಗಳು ನಿಂತವು. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಆದರೆ ಉಪಗ್ರಹ ಅಡ್ಡಡ್ಡ ಓಡುವಂಥದ್ದು. ಒಂದೇ ಜಾಗದಲ್ಲಿ ಗಾಳಿಯ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಅಳೆಯಬೇಕಾದರೆ, ಬಾವಿಗೆ ಹಗ್ಗ ಬಿಟ್ಟು ಆಳ ನೋಡಿದ ಹಾಗೆ, ನೇರ ಏರಿ ಇಳಿಯುವ ಸೌಂಡಿಂಗ್ ರಾಕೆಟ್ಟೇ ಬೇಕು. ಬಲೂನು ನಲವತ್ತು ಕಿ.ಮೀ. ಆಸುಪಾಸಿನಲ್ಲಿ ಸೋಲುತ್ತದೆ, ನೂರು ಕಿ.ಮೀ. ಎತ್ತರದಲ್ಲಿ ಉಪಗ್ರಹ ನಿಲ್ಲಲಾರದು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ನಮ್ಮ ನೆಲದ ಮೊದಲ ಸೌಂಡಿಂಗ್ ರಾಕೆಟ್ ಏರಿತು. ಕಾಂತೀಯ ಸಮಭಾಜಕ ಅದರ ಹತ್ತಿರವೇ ಹಾಯುತ್ತದೆ, ಅದಕ್ಕೇ ಆ ಊರು. ಅಲ್ಲಿ ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮನಾಗಿ ಮಲಗಿರುತ್ತವೆ. ಧ್ರುವದಲ್ಲಿ ನೆಟ್ಟಗೆ ನಿಂತು ಬಾಹ್ಯಾಕಾಶಕ್ಕೆ ತೆರೆದುಕೊಳ್ಳುತ್ತವೆ.

ಆ ತೆರೆದ ಬಾಗಿಲಿನಿಂದ ನಮ್ಮ ಗಾಳಿಯ ಕಣಗಳು ಸದಾ ಸೋರಿಹೋಗುತ್ತಿವೆ. ಅವನ್ನು ಎತ್ತುವುದು ಯಾವುದು? ದುರ್ಬಲವಾದೊಂದು ವಿದ್ಯುತ್ ಕ್ಷೇತ್ರ ಇರಬೇಕೆಂದು ವಿಜ್ಞಾನಿಗಳು ಅರವತ್ತು ವರ್ಷಗಳ ಹಿಂದೆಯೇ ಊಹಿಸಿದ್ದರು. ಅಳೆಯುವ ಉಪಕರಣ ಇರಲಿಲ್ಲ. 2022ರ ಮೇ 11ರಂದು ನಾಸಾದ ಎಂಡ್ಯೂರೆನ್ಸ್ ರಾಕೆಟ್ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನಿ-ಓಲೆಸುಂಡ್‌ನಿಂದ 768 ಕಿ.ಮೀ. ಏರಿ, ಹತ್ತೊಂಬತ್ತು ನಿಮಿಷದಲ್ಲಿ ಗ್ರೀನ್‌ಲ್ಯಾಂಡ್ ಸಮುದ್ರಕ್ಕೆ ಬಿತ್ತು. ಐನೂರಕ್ಕೂ ಹೆಚ್ಚು ಕಿ.ಮೀ. ಏರುವಷ್ಟರಲ್ಲಿ ಸಿಕ್ಕ ವಿದ್ಯುತ್ ವಿಭವದ ವ್ಯತ್ಯಾಸ ಬರೀ 0.55 ವೋಲ್ಟ್! ಗೋಡೆ ಗಡಿಯಾರದ ಸೆಲ್ಲಿನಲ್ಲಿ ಅದರ ಹೆಚ್ಚುಕಡಿಮೆ ಮೂರು ಪಟ್ಟು ಇರುತ್ತದೆ. ಅಷ್ಟೇ ಸಾಕು, ಹೈಡ್ರೋಜನ್ ಅಯಾನುಗಳನ್ನು ಗುರುತ್ವದ ಹತ್ತು ಪಟ್ಟಿಗೂ ಮೀರಿದ ಬಲದಿಂದ ಮೇಲಕ್ಕೆಸೆಯಲು.

ಅದೇ ನಿ-ಓಲೆಸುಂಡ್‌ನಲ್ಲಿ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ. ಆ ಊರಿನಿಂದ 1997ರಲ್ಲೇ ಒಮ್ಮೆ ಏರಿದ್ದ ನಮ್ಮ ರೋಹಿಣಿ ಸೌಂಡಿಂಗ್ ರಾಕೆಟ್ ಒಂದು ದಿನ ಮತ್ತೆ ಏರಬೇಕು, ಅದರ ಮೂತಿಯೊಳಗಿನ ಉಪಕರಣದ ಕವಚ ಪೀಣ್ಯದ ಯಾವುದೋ ಲೇತಿನಲ್ಲಿ ಕಡೆದದ್ದಾಗಿರಬೇಕು ಎಂಬುದು ನನ್ನ ಆಸೆ.