ತಟ್ಟೆಯಷ್ಟಲ್ಲ, ಮೋಟುಗೇಣಷ್ಟು

ತಗಡೂರಿನಿಂದ ಒಬ್ಬರು ಫೋನ್ ಮಾಡಿದ್ದರು. ನಂಜನಗೂಡು ತಾಲ್ಲೂಕಿನ ತಗಡೂರು. ರಾಜಕೀಯ ಮಾತಾಡ್ತಾರೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ: "ಸಾರ್, ನಮ್ ಹೈದ ಬೆಂಗಳೂರಲ್ಲಿ ಓದ್ತಾವ್ನೆ. ಅದೇನೋ ಟರಾಂಟುಲಾ ಅಂತೆ, ಜೇಡ ಸಾಕ್ತೀನಿ ಅಂತ ಕುಂತವ್ನೆ. ಊಟದ್ ತಟ್ಟೆ ಅಷ್ಟು ಬೆಳೀತದಂತೆ. ದಿಟವಾ?"

ನಗಬೇಡಿ. ಈ ತಟ್ಟೆ ಕಥೆಯನ್ನ ಆ ಹುಡುಗನ ತಲೆಗೆ ತುಂಬಿದವರು ಯಾರು? ನಾವೇ. ಟೀವಿಯವರು. 2013ರಲ್ಲಿ ಶ್ರೀಲಂಕಾದ ಉತ್ತರ ಭಾಗದ ಒಂದು ಜೇಡದ ಸುದ್ದಿ ಜಗತ್ತೆಲ್ಲ ಸುತ್ತಿತು. "ಮನುಷ್ಯನ ಮುಖದಷ್ಟು ದೊಡ್ಡ ಜೇಡ!" ಅಸಲಿಗೆ ಅದು ಕಾಲು ಚಾಚಿ ನಿಂತರೆ ಎಂಟು ಇಂಚು. ಎಂಟು ಇಂಚು ಅಂದ್ರೆ ಯಾರು ನೋಡ್ತಾರೆ? ಮುಖ ಅಂದ್ರೆ ನೋಡ್ತಾರೆ.

ಮೊದಲು ಅಳತೆ ಹೇಗೆ ಅಂತ ತಿಳ್ಕೊಳ್ಳೋಣ. ಎಡಗಡೆ ಮುಂಗಾಲಿನ ತುದಿಯಿಂದ ಬಲಗಡೆ ಹಿಂಗಾಲಿನ ತುದಿಗೆ, ಓರೆಯಾಗಿ ಅಳೀತಾರೆ. ಮೈಯ ಉದ್ದ ಅಲ್ಲ ಅದು. ಮೈ ಅನ್ನೋದು ಅದರಲ್ಲಿ ಮೂರನೇ ಒಂದು ಪಾಲೋ ಏನೋ ಇರುತ್ತೆ, ಉಳಿದದ್ದೆಲ್ಲ ಕಾಲು. ಇನ್ನು ಕೆಲವರು ಕಳಚಿಬಿದ್ದ ಪೊರೆಯನ್ನ ನೀರಲ್ಲಿ ನೆನೆಸಿ, ಎಳೆದು ಹರಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಹಾಕ್ತಾರೆ. ಒದ್ದೆ ಪೊರೆ ಹಿಗ್ಗುತ್ತೆ. ಜೀವಂತ ಜೇಡ ಹಾಗೆ ಕಾಲು ಎಳೆದುಕೊಂಡು ಕೂರಲ್ಲ.

ತಟ್ಟೆಯಷ್ಟು ದೊಡ್ಡದು ಇಲ್ಲವೇ ಇಲ್ಲ ಅಂತಲ್ಲ. ದಕ್ಷಿಣ ಅಮೆರಿಕದ ಕಾಡಲ್ಲಿ ಗೋಲಿಯತ್ ಅನ್ನೋದೊಂದಿದೆ. 1965ರಲ್ಲಿ ವೆನೆಜುವೆಲಾದಲ್ಲಿ ಸಿಕ್ಕ ಒಂದು 28 ಸೆಂಟಿಮೀಟರ್ ಇತ್ತು, ಹನ್ನೊಂದು ಇಂಚು. ಗಿನ್ನೆಸ್ ದಾಖಲೆ ಅದು. ಭಾರಿ ಹೆಣ್ಣೊಂದು 170 ಗ್ರಾಂ ತೂಗಬಹುದು, ಅಂದ್ರೆ ಮೂರು ಕೋಳಿಮೊಟ್ಟೆ. ಆದರೆ ದಾಖಲೆ ಅನ್ನೋದು ದಾಖಲೆ ಮಾತ್ರ. ಸಾಕಿದವರ ಮನೆಯಲ್ಲಿ ಅದೇ ಜಾತಿ ಎಂಟರಿಂದ ಹತ್ತು ಇಂಚಿಗೆ ನಿಲ್ಲುತ್ತೆ. ಜನ ಹೆಚ್ಚಾಗಿ ಸಾಕುವ ಮೆಕ್ಸಿಕೋದ ಕೆಂಪು ಮಂಡಿಯ ಜೇಡ ಐದಾರು ಇಂಚು, ಅಷ್ಟೇ.

ಚೆನ್ನಾಗಿ ತಿನ್ನಿಸಿದ್ರೆ? ಬೇಗ ಬೆಳೆಯುತ್ತೆ. ಆದರೆ ಜಾತಿಯ ಮಿತಿ ದಾಟಲ್ಲ. ಹೆಚ್ಚು ತಿಂದದ್ದು ಹೊಟ್ಟೆಗೆ ಹೋಗುತ್ತೆ, ಕಾಲಿಗಲ್ಲ. ಉಬ್ಬಿದ ಹೊಟ್ಟೆಯ ಜೇಡ ಅರ್ಧ ಮೀಟರ್ ಎತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದು. ಜೇಡಕ್ಕೆ ಕಾಲು ಮಡಚೋಕೆ ಸ್ನಾಯು ಇದೆ, ಆದರೆ ಮುಖ್ಯ ಕೀಲುಗಳನ್ನ ಚಾಚೋಕೆ ಇಲ್ಲ! ಮೈಯೊಳಗಿನ ದ್ರವವನ್ನ ಒತ್ತಡದಿಂದ ಕಾಲಿಗೆ ನೂಕಿ ಚಾಚುತ್ತೆ, ಜೆಸಿಬಿ ತೋಳಿನ ಥರ. ದ್ರವ ಸೋರಿತು ಅಂದ್ರೆ ಮುಗೀತು, ಕಾಲು ಮುದುಡಿಕೊಂಡು ಬಿದ್ದಿರುತ್ತೆ. ಸತ್ತ ಜೇಡ ಯಾಕೆ ಯಾವಾಗಲೂ ಮುದುಡಿರುತ್ತೆ ಅಂತ ಈಗ ಗೊತ್ತಾಯ್ತಲ್ಲ.

ಇನ್ನೊಂದು ವಿಷಯ ಅಂಗಡಿಯವರು ಹೇಳಲ್ಲ. ಮಾರೋದು ಮರಿ, ಉಗುರಿನಷ್ಟು. ಅದು ಗಂಡೋ ಹೆಣ್ಣೋ ಆ ವಯಸ್ಸಲ್ಲಿ ಹೇಳೋದೇ ಕಷ್ಟ. ಹೆಣ್ಣಾದರೆ ಪೊರೆ ಬಿಡ್ತಾ ಬಿಡ್ತಾ ವರ್ಷಗಟ್ಟಲೆ ಬದುಕುತ್ತೆ. ಗಂಡಾದರೆ ಮೈ ಸಣ್ಣದು, ಕಾಲು ಸೊಣಕಲು; ಪ್ರಾಯಕ್ಕೆ ಬಂದ ಮೇಲೆ ಬಹಳ ಜಾತಿಗಳಲ್ಲಿ ಕೆಲವು ತಿಂಗಳಿಗೇ ಕಥೆ ಮುಗಿಯುತ್ತೆ. ಅಂದ್ರೆ ಸೈಜ್ ನೋಡಿ ದುಡ್ಡು ಕೊಡೋದು ಒಂಥರಾ ಲಾಟರಿ.

ಇಷ್ಟು ಹೇಳಿ ಆ ತಂದೆಯನ್ನ ಕೇಳಿದೆ: "ಜಾತಿ ಯಾವುದು ಅಂತ ಹೇಳಿದ್ದಾನಾ?" ಮಗ ಕಳಿಸಿದ್ದ ಫೋಟೋ ಕಳಿಸಿದರು. ಡಬ್ಬದ ಮೇಲೆ ಬರೆದಿತ್ತು: ಮೈಸೂರ್ ಆರ್ನಮೆಂಟಲ್.

ನನಗೆ ಅಲ್ಲಿವರೆಗೆ ಇದು ತಮಾಷೆಯ ವಿಷಯ ಆಗಿತ್ತು. ಅದು ನಮ್ಮ ಜೇಡ ರೀ! ವಿಜ್ಞಾನದ ಹೆಸರು ಪೆಸಿಲೋಥೀರಿಯಾ ಸ್ಟ್ರಯಾಟ. 1895ರಲ್ಲಿ ಪೊಕಾಕ್ ಅನ್ನೋ ಬ್ರಿಟಿಷ್ ವಿಜ್ಞಾನಿ ಇಟ್ಟದ್ದು. ಪಶ್ಚಿಮ ಘಟ್ಟದ ಕಡೆಯ ಮರಗಳ ಪೊಟರೆಯಲ್ಲಿ ಇರೋ ಜೀವ. ಸೈಜ್ ಆರೇಳು ಇಂಚು. ನಮ್ಮ ಹಿರಿಯರ ಲೆಕ್ಕದಲ್ಲಿ ಹೆಬ್ಬೆರಳಿಂದ ತೋರುಬೆರಳಿಗೆ ಚಾಚಿದರೆ ಮೋಟುಗೇಣು. ಸುಮಾರು ಅಷ್ಟೇ. ತಟ್ಟೆಯಲ್ಲಿ ಬಿಟ್ಟರೆ ಸುತ್ತ ಅನ್ನ ಬಡಿಸೋಷ್ಟು ಜಾಗ ಉಳಿಯುತ್ತೆ.

ಸಣ್ಣದು ಅಂತ ಸದರ ಬೇಡ. ಈ ಕುಲದ ಜೇಡಗಳು ಮಿಂಚಿನ ಹಾಗೆ ಓಡ್ತವೆ. ಕಚ್ಚಿದರೆ ಮಾಂಸಖಂಡ ಸೆಳೆತ ಹಿಡಿದು ದಿನಗಟ್ಟಲೆ ನರಳಬೇಕಾಗುತ್ತೆ. ಹಾಸ್ಟೆಲ್ ರೂಮಲ್ಲಿ ಸಾಕೋ ಪ್ರಾಣಿ ಅಲ್ಲ.

ಕಾನೂನಿಗೆ ಬನ್ನಿ. ಮೈಸೂರಿನ ಈ ಜೇಡ ಅಪಾಯದಂಚಿಗೆ ಸರೀತಿರೋ ಜೀವಿಗಳ ಪಟ್ಟಿಯಲ್ಲಿದೆ. ಅದರ ನೆಂಟ, ಆಂಧ್ರದ ಗುತ್ತಿಯ ಹೆಸರು ಹೊತ್ತ ನೀಲಿ ಜೇಡ ಇನ್ನೂ ಕಷ್ಟದಲ್ಲಿದೆ. ನಂದ್ಯಾಲದ ಕಡೆಯ ಚೂರು ಕಾಡು ಬಿಟ್ಟರೆ ನೆಲೆ ಇಲ್ಲ. ಆದರೆ ಯುರೋಪು, ಅಮೆರಿಕದ ಸಾಕುಪ್ರಾಣಿ ಮಾರುಕಟ್ಟೆಯಲ್ಲಿ ಸಿಗುತ್ತೆ! ಅದಕ್ಕೇ 2019ರಲ್ಲಿ ಈ ಇಡೀ ಕುಲವನ್ನ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು. ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಒಪ್ಪಂದದ ಪ್ರಾಣಿಗಳಿಗೆ ಅದರಲ್ಲಿ ಪ್ರತ್ಯೇಕ ಪಟ್ಟಿ ಇದೆ. ಅಂಥದ್ದು ಜೀವಂತ ಮನೆಯಲ್ಲಿದ್ದರೆ ಲೆಕ್ಕ ಕೊಟ್ಟು ನೋಂದಾಯಿಸಬೇಕು. ಡಬ್ಬದೊಳಗಿನ ಮರಿ ಯಾವ ಕಾಡಿನ ಯಾವ ಪೊಟರೆಯಿಂದ ಬಂತು ಅನ್ನೋಕೆ ಕಾಗದ ಬೇಕು. ಕಾಗದ ಇಲ್ಲ ಅಂದ್ರೆ ಸಿಕ್ಕಿಬೀಳೋದು ಮಾರಿದವನೊಬ್ಬನೇ ಅಲ್ಲ, ಇಟ್ಟುಕೊಂಡ ಹುಡುಗನೂ.

"ಹಂಗಾರೆ ಬಿಲ್ ಕೇಳು ಅನ್ಲಾ ಸಾರ್?" ಅಂದರು ತಗಡೂರಿನವರು. ಕೇಳಲಿ ಅಂದೆ.

ನಾಲ್ಕು ದಿನ ಬಿಟ್ಟು ಮತ್ತೆ ಫೋನ್ ಬಂತು. ಬಿಲ್ ಕೇಳಿದ ದಿನದಿಂದ ಮಾರೋನ ನಂಬರ್ ಸ್ವಿಚ್ ಆಫ್ ಅಂತೆ. ಹುಡುಗ ಕೊಟ್ಟಿದ್ದ ಮುಂಗಡ ಇನ್ನೂ ವಾಪಸ್ ಬಂದಿಲ್ಲ.