ಸಹಿ ಬಿದ್ದೊಡನೆ ಪಟ್ಟಾ ಬದಲಾಗುವುದು ಹೇಗೆ?

ತೆಲಂಗಾಣದ ಕಲ್ಹೇರಿನಲ್ಲಿ ಎರಡು ಎಕರೆ ಹೊಲ ಮಾರಾಟವಾಯಿತೆನ್ನಿ. ಹಿಂದೆ ನೋಂದಣಿಗೆ ಸಬ್‌ರಿಜಿಸ್ಟ್ರಾರ್ ಕಚೇರಿ, ಪಟ್ಟಾ ಬದಲಾವಣೆಗೆ ತಹಸೀಲ್ದಾರ್ ಕಚೇರಿ ಎಂದು ಎರಡು ಕಡೆ ಓಡಾಡಬೇಕಿತ್ತು. ನಡುವಿನ ಕಾಗದವನ್ನು ಯಾರಾದರೂ ಮುಂದಕ್ಕೆ ತಳ್ಳಿದರಷ್ಟೇ ಕೆಲಸ ಸಾಗುತ್ತಿತ್ತು. 2020ರ ಅಕ್ಟೋಬರ್ 29ರಂದು ತೆಲಂಗಾಣದಲ್ಲಿ ಧರಣಿ ಪೋರ್ಟಲ್ ಶುರುವಾಯಿತು. ಕೃಷಿ ಜಮೀನಿನ ಮಟ್ಟಿಗೆ ತಹಸೀಲ್ದಾರರೇ ನೋಂದಣಿ ಅಧಿಕಾರಿಯೂ ಆದರು, ನೋಂದಣಿಯ ಬೆನ್ನಿಗೇ ಮ್ಯುಟೇಷನ್, ಅಂದರೆ ಪಟ್ಟಾ ಬದಲಾವಣೆ, ನಡೆಯತೊಡಗಿತು. 2025ರ ಏಪ್ರಿಲ್ 14ರಂದು ಧರಣಿಯ ಜಾಗಕ್ಕೆ ಭೂಭಾರತಿ ಎಂಬ ಹೊಸ ಕಾನೂನು, ಪೋರ್ಟಲ್ ಬಂದವು.

ಇಂಥ ತಂತ್ರಾಂಶದಲ್ಲಿ ಕೆಲಸದ ಹೆಜ್ಜೆಗಳನ್ನೆಲ್ಲ ಮೊದಲೇ ಬರೆದಿಟ್ಟಿರುತ್ತಾರೆ. ಇದಕ್ಕೆ ವರ್ಕ್‌ಫ್ಲೋ ಎನ್ನುತ್ತಾರೆ. ಟ್ರಿಗರ್, ಅಂದರೆ ಕೆಲಸ ಶುರುಮಾಡುವ ಸೂಚನೆ, ಸಿಗುವ ತನಕ ಅದರಲ್ಲಿ ಒಂದು ಹೆಜ್ಜೆಯೂ ಕದಲದು. ಸಾಲದ ಅರ್ಜಿ ನೋಡುವ ಬ್ಯಾಂಕಿನಲ್ಲೂ, ಖರೀದಿ ಆದೇಶ ಕಳಿಸುವ ಕಾರ್ಖಾನೆಯಲ್ಲೂ ಇದೇ ಕ್ರಮ.

ಹೊಲದ ಮಾರಾಟದಲ್ಲಿ ಟ್ರಿಗರ್ ಒಂದು ಘಟನೆ. ನೋಂದಣಿಗೆಂದು ಮೊದಲೇ ಬುಕ್ ಮಾಡಿಕೊಂಡ ಸ್ಲಾಟಿನ ದಿನ ಮಾರುವವರು, ಕೊಳ್ಳುವವರು ಬೆರಳಚ್ಚು ಕೊಡುತ್ತಾರೆ, ತಹಸೀಲ್ದಾರರು ಒಪ್ಪಿಗೆ ಕೊಡುತ್ತಾರೆ. ಆ ಒಪ್ಪಿಗೆಯೇ ಮುಂದಿನದನ್ನೆಲ್ಲ ಎಬ್ಬಿಸುತ್ತದೆ: ಮಾರಿದವರ ಖಾತೆಯಿಂದ ಎರಡು ಎಕರೆ ಕಳೆಯುತ್ತದೆ, ಕೊಂಡವರ ಖಾತೆಗೆ ಕೂಡುತ್ತದೆ. ಆದರೆ ಟ್ರಿಗರ್ ಜೊತೆಗೆ ಷರತ್ತುಗಳೂ ಇರುತ್ತವೆ. ಸರ್ವೆ ನಂಬರು ಮಾರಾಟ ನಿಷೇಧಿಸಿದ ಜಮೀನುಗಳ ಪಟ್ಟಿಯಲ್ಲಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ವಿರಾಸತ್, ಅಂದರೆ ವಾರಸಿನಿಂದ ಬರುವ ಜಮೀನಿನ ವಿಷಯ ಬೇರೆ. ಅಪ್ಪ ತೀರಿಕೊಂಡದ್ದು ಕಂಪ್ಯೂಟರಿಗೆ ತಾನಾಗಿ ತಿಳಿಯದು, ವಾರಸುದಾರರ ಅರ್ಜಿಯೇ ಅಲ್ಲಿ ಮೊದಲ ಟ್ರಿಗರ್. ಆಮೇಲೆ ನೋಟಿಸು, ವಿಚಾರಣೆ. ಇದಕ್ಕೆ ಭೂಭಾರತಿ 30 ದಿನದ ಗಡುವು ಹಾಕಿದೆ. ಅಷ್ಟರೊಳಗೆ ತಹಸೀಲ್ದಾರರು ತೀರ್ಮಾನ ಮಾಡದಿದ್ದರೆ ಮ್ಯುಟೇಷನ್ ತಾನೇ ಆಗಬೇಕೆಂಬುದು ನಿಯಮ. ಇಲ್ಲಿ ಕಾಲವೇ ಟ್ರಿಗರ್.

ಗಡಿಯಾಚೆ ಬೀದರಿನಲ್ಲಿ ಹೊಲವಿರುವ ನಮ್ಮವರು ಇನ್ನೊಂದು ಬಗೆಯನ್ನು ನೋಡುತ್ತಾರೆ. ಕರ್ನಾಟಕದಲ್ಲಿ ಕಾವೇರಿ ತಂತ್ರಾಂಶದಲ್ಲಿ ನೋಂದಣಿಯಾದೊಡನೆ ಅದರ ವಿವರ ಜೆ ಸ್ಲಿಪ್ ಆಗಿ ಭೂಮಿ ತಂತ್ರಾಂಶಕ್ಕೆ ಹೋಗುತ್ತದೆ, ಮ್ಯುಟೇಷನ್ ಪ್ರಕರಣ ತೆರೆದುಕೊಳ್ಳುತ್ತದೆ. ತಕರಾರು ಹೇಳಲು ನೋಟಿಸಿನ ಅವಧಿ ಇರುವುದರಿಂದ ಪಹಣಿಯಲ್ಲಿ ಹೆಸರು ಬರಲು ಸ್ವಲ್ಪ ತಡವಾಗುತ್ತದೆ. ಆ ತಡ ದಂಡವಲ್ಲ ಎಂದು ನನಗನಿಸುತ್ತದೆ. ಏಕೆಂದರೆ ಇಂಥ ತಂತ್ರಾಂಶದಲ್ಲಿ ತಪ್ಪು ದಾಖಲೆಯೂ ಸರಿಯಾದ ದಾಖಲೆಯಷ್ಟೇ ವೇಗವಾಗಿ ಓಡುತ್ತದೆ. ಧರಣಿಯ ಕಾಲದಲ್ಲಿ ಹೆಸರು, ವಿಸ್ತೀರ್ಣ ತಪ್ಪಿದವರು ತಿದ್ದುಪಡಿಗಾಗಿ ಅಲೆದಲೆದು ಬೇಸತ್ತರು, ಏಕೆಂದರೆ ಆಗಿನ ಕಾನೂನಿನಲ್ಲಿ ಮೇಲ್ಮನವಿಗೆ ದಾರಿ ಇರಲಿಲ್ಲ. ಭೂಭಾರತಿ ಆ ದಾರಿಯನ್ನು ಮತ್ತೆ ತೆರೆದಿರುವುದು ಅದರ ದೊಡ್ಡ ಗುಣ.

ಆದ್ದರಿಂದ ಸ್ಲಾಟ್ ಬುಕ್ ಮಾಡುವ ಮೊದಲೇ ಹೆಸರು, ಆಧಾರ್, ಸರ್ವೆ ನಂಬರು, ವಿಸ್ತೀರ್ಣವನ್ನು ಪಟ್ಟಾ ಪಾಸ್‌ಬುಕ್ಕಿನೊಂದಿಗೆ ಹೋಲಿಸಿ ನೋಡಿ. ಕೆಲಸ ನಿಂತರೆ ಕಚೇರಿಯಲ್ಲಿ “ಯಾವಾಗ ಆಗುತ್ತೆ ಸಾರ್?” ಎಂದಷ್ಟೇ ಕೇಳಿ ಬರಬೇಡಿ. ಯಾವ ಹೆಜ್ಜೆಯಲ್ಲಿ ನಿಂತಿದೆ, ಯಾರ ಒಪ್ಪಿಗೆ ಬಾಕಿ ಇದೆ ಎಂದು ಕೇಳಿ, ಅರ್ಜಿ ಸಂಖ್ಯೆಯ ಪಕ್ಕದಲ್ಲಿ ಬರೆದುಕೊಳ್ಳಿ.