ವಿಯೆಟ್ನಾಮಿನ ‘ಬುತ್’ ಶಬ್ದದ ಮೂಲವಿಚಾರ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ‘ಯಾತ್ರೆ’, ‘ಜಾತ್ರೆ’ ಎಂಬೆರಡು ಶಬ್ದಗಳೂ ಬಳಕೆಯಲ್ಲಿವೆ. ಕಾಶಿಗೆ ಹೋಗುವುದು ಯಾತ್ರೆ. ಊರ ದೇವರ ತೇರನ್ನೆಳೆಯುವುದು ಜಾತ್ರೆ. ಮೂಲವೊಂದೇ ಆದರೂ ಮೊದಲನೆಯದು ಗ್ರಂಥಮಾರ್ಗದಿಂದಲೂ ಎರಡನೆಯದು ಜನರ ಬಾಯಿಯಿಂದಲೂ ಬಂದ ಕಾರಣ ರೂಪಾರ್ಥಗಳು ಬೇರೆಯಾದವು. ನಮ್ಮ ವೈಯಾಕರಣರು ವಿವೇಚಿಸಿದ ಈ ತತ್ಸಮ-ತದ್ಭವಭೇದವು ದೂರದ ವಿಯೆಟ್ನಾಮ್ ದೇಶದ ಒಂದು ಶಬ್ದದ ವಂಶವನ್ನರಿಯಲಿಕ್ಕೂ ನೆರವಾಗುವದು.

ಆ ದೇಶದಲ್ಲಿ ಬುದ್ಧನಿಗೆ ಎರಡು ಹೆಸರುಗಳುಂಟು. ಸೂತ್ರಪಾಠದಲ್ಲಿಯೂ ಪೂಜೆಯಲ್ಲಿಯೂ ‘ಫತ್’. ಅಜ್ಜಿಯರ ಕಥೆಗಳಲ್ಲಿ ‘ಬುತ್’. ಕಥೆಯ ಬುತ್ತನು, ಮಲತಾಯಿಯ ಕಾಟಕ್ಕೆ ಸಿಕ್ಕಿ ಅಳುವ ಹುಡುಗಿಗೆ ಪ್ರತ್ಯಕ್ಷನಾಗಿ ದುಃಖಕಾರಣವನ್ನು ಕೇಳಿ ಉಪಕರಿಸುವವನು. ಇದನ್ನು ನೋಡಿ, ‘ಫತ್’ ಶಬ್ದವೇ ಹಳ್ಳಿಗರ ನಾಲಗೆಯಲ್ಲಿ ಕೆಟ್ಟು ‘ಬುತ್’ ಆಯಿತೆಂದು ಎಣಿಸುವುದು ಸಹಜವು. ನಿಜಸ್ಥಿತಿಯು ಇದಕ್ಕೆ ವಿಪರೀತವಾಗಿದೆ.

ಚೀನದವರು ಬುದ್ಧಶಬ್ದಕ್ಕೆ ಬಳಸಿದ ಲಿಪಿಯ ಪ್ರಾಚೀನೋಚ್ಚಾರದಲ್ಲಿ ಆದಿಗೆ ಬಕಾರವೂ ಅಂತ್ಯಕ್ಕೆ ತಕಾರವೂ ಇದ್ದವು. ಜಪಾನಿನ ‘ಬುತ್ಸು’ ಇದಕ್ಕೆ ಸಾಕ್ಷಿಯು. ಟಾಂಗ್ ವಂಶದ (618-907) ಆಳಿಕೆಯ ಕೊನೆಗಾಲದಲ್ಲಿ ಆ ಬಕಾರವು ಫಕಾರದತ್ತ ಜಾರಿತು. ಇಂದಿನ ಉತ್ತರ ಚೀನೀಭಾಷೆಯಲ್ಲಿ ತಕಾರವೂ ಲೋಪಿಸಿ ‘ಫೊ’ ಎಂದಾಗಿದೆ. ಪಂಡಿತರು ಗ್ರಂಥಗಳೊಡನೆ ತಂದ ‘ಫತ್’ ಈ ಮಾರ್ಪಾಟನ್ನು ತೋರುವುದು. ‘ಬುತ್’ ಅದಕ್ಕೂ ಹಿಂದಿನದು. ಅದು ಭಾರತೀಯರ ಬಾಯಿಂದ ನೇರವಾಗಿ ಬಂದಿತೆಂದು ಕೆಲವರೂ, ಹಳೆಯ ಚೀನೀ ಉಚ್ಚಾರದಿಂದ ಬಂದಿತೆಂದು ಕೆಲವರೂ ಹೇಳುವರು. ಅದರ ಪ್ರಾಚೀನತೆಯಲ್ಲಿ ಉಭಯರೂ ಏಕಮತರು.

ಧರ್ಮದೊಡನೆ ಇಂಥ ಶಬ್ದಗಳನ್ನು ನಾಡಿನಿಂದ ನಾಡಿಗೆ ಒಯ್ದವರಲ್ಲಿ ವರ್ತಕರೂ ಉಂಟು. ಉತ್ತರ ವಿಯೆಟ್ನಾಮಿನಲ್ಲಿ ಹುಟ್ಟಿ 247ರಲ್ಲಿ ಚೀನದ ವೂ ರಾಜಧಾನಿಯನ್ನು ಸೇರಿದ ಭಿಕ್ಷು ಕಾಂಗ್ ಸೆಂಗ್‌ಹುಯಿಯ ಪೂರ್ವಜರು ಮಧ್ಯ ಏಷ್ಯದ ಸೊಗ್ಡಿಯಾದವರು, ತಲೆತಲಾಂತರದಿಂದ ಭಾರತದಲ್ಲಿ ನೆಲಸಿದ್ದವರು. ತಂದೆಯು ವ್ಯಾಪಾರಕ್ಕಾಗಿ ಅಲ್ಲಿಗೆ ಹೋದನು. ನಮ್ಮ ಗದಗ ಜಿಲ್ಲೆಯ ಡಂಬಳದಲ್ಲಿಯೂ ಬುದ್ಧವಿಹಾರವನ್ನು ಕಟ್ಟಿಸಿದವರು 16 ಸೆಟ್ಟಿಗಳೆಂದು ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನವು ಸಾರುತ್ತದೆ.

ಮನೆಯ ಗುಡಿಯ ಬುತ್ತನಿಗೆ ಮಹಿಮೆಯಿಲ್ಲವೆಂದು ವಿಯೆಟ್ನಾಮಿನಲ್ಲೊಂದು ಗಾದೆಯುಂಟು. ಹಿತ್ತಲ ಗಿಡ ಮದ್ದಲ್ಲವೆಂದು ನಾವೂ ಅನ್ನುತ್ತೇವೆ. ಆ ಗಾದೆಯಲ್ಲಿ ಉಳಿದುದು ‘ಬುತ್’, ‘ಫತ್’ ಅಲ್ಲ. ಪಾಠಶಾಲೆಯಲ್ಲಿ ತದ್ಭವವನ್ನು ಅಪಭ್ರಂಶವೆಂದು ಕಲಿತ ನನ್ನಂಥವರು ಇದನ್ನು ಮನಗಾಣಬೇಕು. ಗ್ರಾಮ್ಯವೆಂದು ನಾವು ಬದಿಗಿಟ್ಟ ಶಬ್ದವೇ ಕೆಲವೊಮ್ಮೆ ಹಳೆಯ ಸಾಕ್ಷಿಯಾಗಿರುತ್ತದೆ. ಹಳ್ಳಿಯ ಮುದುಕರೊಡನೆ ಅದು ಅಳಿಯುವ ಮುನ್ನ ಬರೆದಿಡುವುದು ಪಂಡಿತರ ಕರ್ತವ್ಯವು.